ಹಳೆಯದಾಗಿಯೇ ಬಂದ ಗಿಟಾರು

ಹುಣಿಸೆಹಣ್ಣಿಗೆ ಬೂದಿ ಬೆರೆಸಿಕೊಂಡು ಚಿಕ್ಕಲಕ್ಷ್ಮಮ್ಮ ಗಿಟಾರನ್ನು ಗಸಗಸ ಉಜ್ಜುತ್ತಿದ್ದಳು. ದುದ್ದದ ಮನೆಯ ಹಿತ್ತಿಲಲ್ಲಿ, ಒಗೆಯುವ ಕಲ್ಲಿನ ಮೇಲೆ ಅದನ್ನು ಅಂಗಾತ ಮಲಗಿಸಿ, ಒಂದು ಕೈಯಲ್ಲಿ ಅದರ ಕತ್ತು, ಇನ್ನೊಂದು ಕೈಯಲ್ಲಿ ತೆಂಗಿನ ನಾರು. ಮುಂದಿನ ಜಗುಲಿಯಲ್ಲಿ ಅವಳ ಹಿರಿಮಗ ಕಾಂತರಾಜು ಬಿಳಿ ಪಂಚೆ ಹೊದ್ದು ಮಲಗಿದ್ದ. ಎದೆನೋವು ಎಂದು ಹಾಸನದ ಆಸ್ಪತ್ರೆಗೆ ಹೋದವನನ್ನು ಹೀಗೆ ತಂದಿದ್ದರು. ಮಧ್ಯಾಹ್ನ ಮಣ್ಣು. ಹೋದವರ ಇಷ್ಟದ ವಸ್ತುವನ್ನು ಅವರ ಜೊತೆಗೇ ಗುಂಡಿಗೆ ಇಡುವುದು ಆ ಮನೆತನದ ಪದ್ಧತಿ. ಅವರಪ್ಪನ ಜೊತೆ ಎಲೆಅಡಿಕೆ ಚೀಲ ಹೋಗಿತ್ತು, ಅಜ್ಜನ ಜೊತೆ ಕುಡುಗೋಲು. ಕಾಂತರಾಜುವಿನ ಇಷ್ಟದ್ದು ಯಾವುದೆಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ; ಹೆಣದ ಜೊತೆಗೇ ಹಾಸನದ ಮನೆಯಿಂದ ಗಿಟಾರೂ ಬಂದಿತ್ತು.

ಕಾಂತರಾಜುವಿನ ಹೆಂಡತಿ ಆಶಾರಾಣಿ ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದಳು.

"ಅತ್ತೆ, ಬುಡಿ. ಅದು ಕೊಳೆ ಅಲ್ಲ."

"ಕೊಳೆ ಅಲ್ದೆ ಇನ್ನೇನವ್ವ? ನೋಡಿಲ್ಲಿ, ತಿರುಪೆಲ್ಲಾ ತುಕ್ಕು, ಬಣ್ಣ ಎಲ್ಲಾ ಎದ್ದೋಗದೆ. ಇಂಥದ್ನ ಇಡ್ಕಂಡೋದ್ರೆ ಅವ್ರಪ್ಪ ಸುಮ್ಕಿದ್ದಾರಾ? ಮೊದ್ಲೇ ಸಿಡುಕ. 'ಏನ್ಲಾ, ಇಷ್ಟು ವರ್ಸ ದುಡ್ದು ಈ ಮುರುಕ್ಲು ತಂದಿದ್ದೀಯಾ' ಅಂತ ಬಯ್ಯಾಕಿಲ್ವಾ?"

"ಅದು ಅಂಗೇ ಬಂದಿರಾದು ಅತ್ತೆ. ಕಂಪ್ನಿಯೋರೇ ಗೀರಿ ಕೊಟ್ಟಿರಾದು."

ಮುದುಕಿ ಉಜ್ಜುವುದನ್ನು ನಿಲ್ಲಿಸಿ ಸೊಸೆಯ ಮುಖ ನೋಡಿದಳು. ದುಃಖಕ್ಕೆ ತಲೆ ಕೆಟ್ಟಿದೆ ಪಾಪ ಎಂದುಕೊಂಡಿರಬೇಕು. "ಓಗವ್ವ, ಪಕ್ಕದ್ಮನೆಯೋರು ಕಾಪಿ ತಂದು ಮಡಗವ್ರೆ, ಒಸಿ ಕುಡಿ" ಎಂದು ಮತ್ತೆ ನಾರಿಗೆ ಬೂದಿ ಮೆತ್ತಿಕೊಂಡಳು.

ಆಶಾರಾಣಿಗೆ ಆವತ್ತು ಬೇಕಾಗಿದ್ದದ್ದು ಒಂದೇ. ಆ ಗಿಟಾರು ಗುಂಡಿಗೆ ಇಳಿಯಬಾರದು. ಆದರೆ ಹೆತ್ತವಳು ಮಗನನ್ನು ಕಳಿಸಿಕೊಡಲು ಕೈಯಾರೆ ಅಣಿಮಾಡುತ್ತಿರುವಾಗ ಕೊಡುವುದಿಲ್ಲ ಎನ್ನುವುದು ಹೇಗೆ? ಗಂಡನ ಹೆಣ ಹೊರಗಿರುವಾಗಲೇ ಸಾಮಾನಿಗೆ ಕೈಹಾಕಿದಳು ಎಂದು ಊರು ಆಡಿಕೊಂಡರೆ ಆ ಬಾಯಿ ಮುಚ್ಚಿಸುವವರು ಯಾರು? ಅವಳು ಕಾಫಿಯನ್ನೂ ಕುಡಿಯದೆ ಅಲ್ಲೇ ನಿಂತಳು.

*

ಮೂರು ವರ್ಷದ ಹಿಂದೆ ಅದು ಹಾಸನದ ಬಾಡಿಗೆ ಮನೆಗೆ ಬಂದಾಗ ಅವಳೂ ಅತ್ತೆಯ ಹಾಗೆಯೇ ಬೆಚ್ಚಿದ್ದಳು. ಕಾಂತರಾಜುವಿಗೆ ಹಗಲು ಮಿಕ್ಸಿ ರಿಪೇರಿ ಅಂಗಡಿ. ಗಣಪತಿ ಹಬ್ಬ, ಮದುವೆ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಗಿಟಾರು. ಹತ್ತೊಂಬತ್ತರ ಹುಡುಗನಾಗಿದ್ದಾಗ ಅರಕಲಗೂಡಿನ ಗಣಪತಿ ಪೆಂಡಾಲಿಗೆ ಹೊರಗಿನ ತಂಡವೊಂದು ಬಂದಿತ್ತಂತೆ. ಅವರ ಗಿಟಾರಿನವನು ಬೀಡಿ ಸೇದಲು ಹೋಗುವಾಗ 'ಹಿಡ್ಕೊಂಡಿರು' ಎಂದು ತನ್ನ ಫಾರಿನ್ ಗಿಟಾರನ್ನು ಇವನ ಕೈಗೆ ಕೊಟ್ಟಿದ್ದ. ಒಂದು ಬೀಡಿ ಮುಗಿಯುವಷ್ಟು ಹೊತ್ತು, ಅಷ್ಟೇ. ಅದನ್ನು ಇವನು ಜೀವಮಾನವಿಡೀ ಹೇಳಿಕೊಂಡು ತಿರುಗಿದ.

ಆ ಮಾದರಿಯನ್ನು ಕಂಪನಿಯವರು ಯಾವತ್ತೋ ನಿಲ್ಲಿಸಿಬಿಟ್ಟಿದ್ದರು. ಎಷ್ಟೋ ವರ್ಷದ ಮೇಲೆ ಮತ್ತೆ ಮಾಡಿದರು, ಕೆಲವೇ ನೂರು, ಒಂದೊಂದರ ಬೆನ್ನಿಗೂ ಒಂದೊಂದು ನಂಬರು ಕೊರೆದು. ಹೊಸದರ ಹಾಗಲ್ಲ, ಬೇಕೆಂದೇ ಗೀರಿ, ಉಜ್ಜಿ, ಹಳೆಯದರ ಹಾಗೆ. ಬಣ್ಣ ಎದ್ದಿರಬೇಕು, ಬಿಳಿ ಗುಂಡಿಗಳು ಹಳದಿಗಟ್ಟಿರಬೇಕು, ಕಬ್ಬಿಣ ಮಂಕಾಗಿರಬೇಕು. ಅಷ್ಟೂ ವರ್ಷ ಯಾರೋ ನುಡಿಸಿದ್ದಾರೆ ಅನ್ನಿಸಬೇಕು. ಕಾಂತರಾಜು ಸ್ಕೂಟರು ಮಾರಿ, ಕೈಯಲ್ಲಿದ್ದದ್ದನ್ನೆಲ್ಲ ಬಳಿದು, ಬೆಂಗಳೂರಿನಿಂದ ಒಂದನ್ನು ತರಿಸಿದ. ಆಮೇಲೆ ಅಂಗಡಿಗೆ ನಡೆದುಕೊಂಡೇ ಹೋಗುತ್ತಿದ್ದ.

"ಹೊಸಾ ಸೀರೆ ತರಕೋಗಿ ಯಾರಾದ್ರೂ ಹರ್ದಿರಾದ್ ತತ್ತಾರಾ?" ಎಂದಿದ್ದಳು ಆಶಾರಾಣಿ.

"ಇಲ್ನೋಡು, ಮೊಣಕೈ ತಾಗೀ ತಾಗೀ ಸವ್ದದೆ. ಆವತ್ತು ಅರಕಲಗೂಡಲ್ಲಿ ನಾನು ವಾಪಸ್ ಕೊಡ್ದೆ ಇದ್ದಿದ್ರೆ ಇಷ್ಟೊತ್ಗೆ ನನ್ ಕೈಲೂ ಇಂಗೇ ಆಗಿರದು ಕಣೆ."

"ಅದು ಅವ್ರು ಉಜ್ಜಿರಾ ಗುರ್ತು. ನಿಮ್ದಲ್ಲ."

"ಗೊತ್ತು" ಎಂದು ನಕ್ಕ. "ಸುಳ್ಳೇಯ. ಆದ್ರೂ ನನ್ ಕೈ ಸರಿಯಾಗ್ ಅಲ್ಲೇ ಹೋಗಿ ಕೂತ್ಕತದೆ."

ಅದನ್ನು ಅವನು ಒಂದು ದಿನವೂ ಸ್ಟೇಜಿಗೆ ಒಯ್ಯಲಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದವನು ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಕರೆಂಟಿನ ಹಂಗಿಲ್ಲದೆ, ಬರಿಗೈಯಲ್ಲಿ ನುಡಿಸುತ್ತಿದ್ದ. ಎಲೆಕ್ಟ್ರಿಕ್ ಗಿಟಾರು ಹಾಗೆ ನುಡಿಸಿದರೆ ಅಡುಗೆಮನೆಗೂ ಕೇಳುವುದಿಲ್ಲ. ಆಶಾರಾಣಿ ಮೊರಕ್ಕೆ ಅಕ್ಕಿ ಸುರಿದುಕೊಂಡು ಅವನ ಮಗ್ಗುಲಿಗೇ ಬಂದು ಕೂರುವಳು. ಮಕ್ಕಳಿಲ್ಲದ ಮನೆ. ಕಲ್ಲು ಆರಿಸುತ್ತ ಕೇಳುವಳು. ಆ ಸದ್ದನ್ನು ಭೂಮಿಯ ಮೇಲೆ ಕೇಳಿದವಳು ತಾನೊಬ್ಬಳೇ ಎಂಬ ಹಮ್ಮು ಅವಳಿಗೆ ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

*

ಹನ್ನೊಂದರ ಸುಮಾರಿಗೆ ಆರ್ಕೆಸ್ಟ್ರಾದ ವ್ಯಾನು ಬಂತು. ಕೀಬೋರ್ಡಿನ ಮುರಳೀಕೃಷ್ಣ ಹೊಳೆನರಸೀಪುರದಿಂದ ಬಂದಿದ್ದ. ಅಲ್ಲಿ ಮೇಷ್ಟರು, ಕಾಂತರಾಜುವಿಗೆ ಇಪ್ಪತ್ತು ವರ್ಷದ ಜೊತೆಗಾರ. ಜಗುಲಿಗೆ ಹೂವಿನ ಹಾರ ಇಟ್ಟು, ಕಣ್ಣೊರೆಸಿಕೊಂಡು ಹಿತ್ತಿಲಿಗೆ ಬಂದವನು ಒಗೆಯುವ ಕಲ್ಲು ನೋಡಿ ಹೌಹಾರಿದ.

"ಅಯ್ಯಯ್ಯೋ, ಹುಣಿಸೆಹಣ್ಣು ಹಾಕಿ ತಿಕ್ಕಿದ್ದೀರಲ್ಲ ತಾಯೀ!"

"ಅಣ್ಣಯ್ಯನ ಜತೇಲೆ ಕಳುಸ್ಬೇಕಲ್ಲ ಸಾ" ಎಂದ ಕಾಂತರಾಜುವಿನ ತಮ್ಮ ದೇವರಾಜು. ಗುಂಡಿ ತೋಡಿಸಿ ಆಗತಾನೇ ಬಂದಿದ್ದ, ಕಾಲ ತುಂಬ ಕೆಮ್ಮಣ್ಣು.

"ಮಣ್ಣಿಗೆ ಹಾಕೋದಾ? ದೇವರಾಜು, ಪ್ರಪಂಚದಲ್ಲೇ ಕೆಲವೇ ನೂರು ಇರೋದಪ್ಪಾ ಇದು!"

"ನಮ್ಮಣ್ಣಯ್ಯನೂ ಒಬ್ನೇ ಇದ್ದಿದ್ದು ಸಾ. ಅವ್ನ ಮಣ್ಣಿಗೆ ಆಕ್ತಾ ಇಲ್ವಾ?"

ಮುರಳೀಕೃಷ್ಣ "ಅತ್ತಿಗೆ, ನೀವಾದ್ರೂ ಹೇಳಿ" ಎಂದು ಆಶಾರಾಣಿಯ ಕಡೆ ತಿರುಗಿದ. ಎಲ್ಲರೂ ತಿರುಗಿದರು.

ಆಶಾರಾಣಿ ಬೇಲಿಯಾಚೆ ನಿಂತಿದ್ದ ವ್ಯಾನನ್ನು ನೋಡುತ್ತಿದ್ದಳು. ಹಿಂದಿನ ಬಾಗಿಲು ತೆರೆದಿತ್ತು. ಡ್ರಮ್ಮುಗಳ ನಡುವೆ ಕಾಂತರಾಜು ಸ್ಟೇಜಿನಲ್ಲಿ ನುಡಿಸುತ್ತಿದ್ದ ಕೆಂಪು ಗಿಟಾರು ಒರಗಿತ್ತು. ಭಾನುವಾರ ಚನ್ನರಾಯಪಟ್ಟಣದ ಮದುವೆಯಲ್ಲಿ ನುಡಿಸಿ ವ್ಯಾನಿನಲ್ಲೇ ಬಿಟ್ಟು ಬಂದಿದ್ದ. ತೊಂಬತ್ತೊಂದರಲ್ಲಿ ಕೊಂಡ ಸಾದಾ ಮಾಲು. ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಗಾಡಿಗೆ ಹಾಕುವ ಪಾಲಿಶಿನಲ್ಲಿ ಒರೆಸಿ ಒರೆಸಿ ಇಡುತ್ತಿದ್ದುದರಿಂದ ಹದಿನೈದು ವರ್ಷವಾದರೂ ಅಂಗಡಿಯಿಂದ ಇಳಿಸಿದ ಹಾಗೆ ಫಳಫಳ ಹೊಳೆಯುತ್ತಿತ್ತು.

"ಅತ್ತೆ" ಎಂದಳು. "ಅದುನ್ನ ಕಳ್ಸನ. ನೋಡಿ, ಎಂಗದೆ."

ದೇವರಾಜು ಹೋಗಿ ಎತ್ತಿಕೊಂಡು ಬಂದ. ಚಿಕ್ಕಲಕ್ಷ್ಮಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಕೆಂಪು ಮೈಯನ್ನು ಸವರಿದಳು. ಅದರಲ್ಲಿ ಅವಳ ಮುಖ ಕಾಣುತ್ತಿತ್ತು.

"ಅಯ್ಯೋ ನಿಮ್ಮ! ಇಂಥಾ ಹೊಸಾದ್ ಇಟ್ಕಂಡು ನನ್ ಕೈಲಿ ಆ ಮುರುಕ್ಲು ಉಜ್ಜುಸ್ತಿದ್ರಲ್ಲಾ! ಎಷ್ಟ್ ತಿಕ್ಕುದ್ರೂ ಗೀರೇ ಓಗ್ಲಿಲ್ಲ. ಇದೇ ಇರ್ಲಿ ಕಣ್ಲಾ ದೇವ್ರಾಜ. ಇದಾದ್ರೆ ಅವ್ರಪ್ಪನೂ ಮೆಚ್ಕತಾರೆ."

 ಆಶಾರಾಣಿ ಒಗೆಯುವ ಕಲ್ಲಿನಿಂದ ಗಿಟಾರನ್ನು ಎತ್ತಿ, ಸೆರಗಿನಲ್ಲಿ ನೀರೊತ್ತಿ, ಒಳಮನೆಯ ಮಂಚದ ಮೇಲೆ ಮಲಗಿಸಿ ಚಿಲಕ ಹಾಕಿದಳು. ಎದೆಯ ಭಾರ ಇಳಿದ ಹಾಗಾಯಿತು. ಇಂಥ ದಿನ ಹಗುರಾಗುವುದೇ ಎಂದು ನಾಚಿಕೆಯೂ ಆಯಿತು.

*

ರಾಗಿ ಹೊಲದ ಬದುವಿನಲ್ಲಿ ಗುಂಡಿ. ಅವನನ್ನು ಇಳಿಸಿ, ಬಾಯಿಗೆ ಹಾಲು ಬಿಟ್ಟು, ಮುಖಕ್ಕೆ ಬಟ್ಟೆ ಮುಚ್ಚಿ, ಎದೆಯ ಮೇಲೆ ಕೆಂಪು ಗಿಟಾರನ್ನು ಇಟ್ಟರು. ದೇವರಾಜು ಅಣ್ಣನ ಬಲಗೈಯನ್ನು ಎತ್ತಿ ಅದರ ಮೇಲೆ ಇರಿಸಿದ. ತಮಟೆ ನಿಂತಿತು. ಅವನೇ ಮೊದಲ ಹಿಡಿ ಮಣ್ಣು ಹಾಕಿದ.

ಹೆಂಟೆಗಳು ನೇರವಾಗಿ ತಂತಿಯ ಮೇಲೆ ಬಿದ್ದವು. ಆರೂ ತಂತಿ ಒಟ್ಟಿಗೆ ಝಣ್ ಎಂದವು. ಭಾನುವಾರದ ಮದುವೆಗೆಂದು ಕಾಂತರಾಜುವೇ ಬಿಗಿದು ಕೂಡಿಸಿದ್ದ ಶ್ರುತಿ, ಒಂದಿಷ್ಟೂ ಸಡಿಲಾಗಿರಲಿಲ್ಲ. ಸುತ್ತ ನಿಂತ ಅಷ್ಟೂ ಜನಕ್ಕೆ ಕೇಳಿಸಿತು.

ಬೆಳಗಿನಿಂದ ಬಾರದ ಅಳು ಆಶಾರಾಣಿಗೆ ಆಗ ಬಂತು. ಹದಿನೈದು ವರ್ಷ ಆ ಎದೆಗೆ ಒರಗಿಕೊಂಡಿದ್ದದ್ದು ಇದು. ಊರೂರು ಸುತ್ತಿ ಮನೆಗೆ ಅಕ್ಕಿಬೇಳೆ ತಂದದ್ದು ಇದು. ಇದರ ಸದ್ದನ್ನು ತಾನು ಒಂದು ದಿನವೂ ಹತ್ತಿರ ಕೂತು ಕೇಳಲಿಲ್ಲವಲ್ಲ.

"ಮೆಲ್ಲುಗ್ ಆಕ್ರಪ್ಪಾ" ಎಂದಳು ಚಿಕ್ಕಲಕ್ಷ್ಮಮ್ಮ.

ಆಶಾರಾಣಿ ಒಂದು ಹೆಂಟೆ ತೆಗೆದುಕೊಂಡು, ಅಂಗೈಯಲ್ಲಿ ಹಿಟ್ಟಿನ ಹಾಗೆ ಪುಡಿಮಾಡಿ, ತಂತಿ ತಪ್ಪಿಸಿ ಕಾಲ ಕಡೆಗೆ ಉದುರಿಸಿದಳು. ಮುರಳೀಕೃಷ್ಣನೂ ಹಾಗೆಯೇ ಮಾಡಿದ. ಆಮೇಲೆ ಬಂದವರೆಲ್ಲ ಹಾಗೆಯೇ ಮಾಡಿದರು. ಸಲಿಕೆ ಹಿಡಿದ ಆಳುಗಳು ಕೂಡ ಬಗ್ಗಿ, ಅಂಚಿನಿಂದ ಸದ್ದಿಲ್ಲದೆ ಜಾರಿಸಿದರು. ಕಾಲು ಮುಚ್ಚಿತು, ತೊಡೆ ಮುಚ್ಚಿತು, ತಲೆಯ ಕಡೆಯೂ ಮುಚ್ಚಿತು. ಆಮೇಲೆ ಸಲಿಕೆಗಳು ನಿಂತವು. ಗುಂಡಿಯ ನಡುವೆ ಆ ಆರು ತಂತಿಗಳಷ್ಟೇ ಬಿಸಿಲಿಗೆ ಮಿರುಗುತ್ತ ಉಳಿದಿದ್ದವು. ಅವುಗಳ ಮೇಲೆ ಮಣ್ಣು ಹಾಕಲು ಯಾರೂ ಮುಂದೆ ಬರಲಿಲ್ಲ.