ಸಂಡಿಗೆ ಡಬ್ಬಿಯಡಿಯ ಕಾಗದ

ರುವಾ ತಿಂಗಳು ಬಂತೆಂದರೆ ಊರಿಗೆ ಊರೇ ಸ್ಮಶಾನದ ಗುಡ್ಡ ಹತ್ತುತ್ತದೆ. ಹುಲ್ಲು ಕಿತ್ತು, ಸಮಾಧಿಗಳಿಗೆ ಹೂವು ಚೆಲ್ಲಿ, ಆಮೇಲೆ ಉಪವಾಸದ ತಿಂಗಳಿಗೆ ಅಣಿಯಾಗುವುದು. ಈ ಸಲ ಗುಡ್ಡದ ಸುತ್ತ ತಗಡಿನ ಬೇಲಿ ಎದ್ದಿದೆ. ಜಿಲ್ಲಾ ಕಚೇರಿಯವರು ಅಲ್ಲಿ ಗೋದಾಮು ಕಟ್ಟುತ್ತಾರಂತೆ. ಊರಿನ ಒಂದು ನರಪಿಳ್ಳೆಯನ್ನೂ ಕೇಳಲಿಲ್ಲ, ಗುಡ್ಡ ತಮ್ಮದಾಯಿತೆಂದು ಮನೆಮನೆಗೆ ಒಂದು ಕಾಗದ ಕಳಿಸಿದರಷ್ಟೇ.

ಪೊನಿರಾಳ ಗಂಡ ಸಕಿಮನ್ ಆ ಬೇಲಿಯೊಳಗೆ ಮಲಗಿದ್ದಾನೆ. ಅವನ ತಲೆದೆಸೆಯಲ್ಲಿ ಅವಳೇ ನೆಟ್ಟ ದೇವಕಣಗಿಲೆ ಮರದ ತುದಿಯಷ್ಟೇ ಈಗ ಅವಳ ಹಿತ್ತಲಿಗೆ ಕಾಣುತ್ತದೆ.

ಪಕ್ಕದ ಮನೆಯ ಎಂದಾಂಗ್ ಕಾನೂನು ನೆರವಿನ ಕೇಂದ್ರದವಳು. ಬಂದವಳೇ ಕಚೇರಿಯ ಕಾಗದ ಎಲ್ಲಿ ಎಂದು ಕೇಳಿದಳು. ಮುಟ್ಟಿದರೆ ಒಪ್ಪಿದ ಹಾಗೆ ಅಂತ ಅರ್ಧ ಊರು ಅದನ್ನು ತಂದವನ ಕೈಗೇ ತಿರುಗಿಸಿತ್ತು, ಉಳಿದವರು ಒಲೆಗೆ ಹಾಕಿದ್ದರು. ಪೊನಿರಾ ಮಾತ್ರ ಓದದೇ ಸಂಡಿಗೆ ಡಬ್ಬಿಯಡಿ ಹಾಸಿದ್ದಳು. ಕೋರ್ಟಿಗೆ ಹೋಗೋಣ ಎಂದು ಎಂದಾಂಗ್ ಹೇಳಿದ್ದಕ್ಕೆ ಪೊನಿರಾಳಿಗೆ ರೇಗಿತು.

"ಹೋಗಿ ಏನ್ ಮಾಡ್ಲಿ? ಗದ್ದೆ ಹೋದಾಗ ನಮ್ಮನೆಯೋರು ನಾಲ್ಕು ವರ್ಷ ಕೋರ್ಟಿಗೆ ಅಲೆದ್ರು. ಚಪ್ಪಲಿ ಸವೀತು, ಅವರೂ ಸವೆದ್ರು. ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರ ಹತ್ರ ಹೇಳ್ಕೊಳ್ಳೋದು?"

"ಗೆದ್ದೇ ಗೆಲ್ತೀವಿ ಅಂತ ನಾನು ಹೇಳಲ್ಲ ಅಕ್ಕಾ. ಕಾಗದ ಬಂದು ಎಂಬತ್ತೊಂದು ದಿನ ಆಯ್ತು. ತೊಂಬತ್ತು ದಾಟಿದ್ರೆ ಅರ್ಜಿನೇ ತಗೊಳ್ಳಲ್ಲ. ಆಮೇಲೆ ಕಡತದಲ್ಲಿ ಉಳಿಯೋದು ಒಂದೇ ಮಾತು, ಊರಲ್ಲಿ ಯಾರೂ ಬೇಡ ಅನ್ಲಿಲ್ಲ ಅಂತ."

ಪೊನಿರಾ ದಿನಕ್ಕೆ ಹತ್ತು ಸಲ ಹಿತ್ತಲಿಗೆ ಹೋಗಿ ಆ ಮರದ ತುದಿ ನೋಡಿ ಬರುತ್ತಿದ್ದಳಲ್ಲ, ಅದನ್ನು ಯಾವ ಕಡತ ಬರೆದುಕೊಂಡೀತು? ಎದ್ದು ಹೋಗಿ ಡಬ್ಬಿ ಎತ್ತಿದಳು. ಕಾಗದದ ಮೇಲೆ ದುಂಡನೆ ಎಣ್ಣೆ ಕಲೆ ಬಿದ್ದಿತ್ತು, ತಾರೀಕು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಊರಲ್ಲಿ ಉಳಿದಿದ್ದು ಅದೊಂದೇ ಪ್ರತಿ. ಅದನ್ನೇ ನೆಚ್ಚಿಕೊಂಡು ಹನ್ನೊಂದು ಮನೆಯವರು ಅರ್ಜಿಗೆ ಸಹಿ ಹಾಕಿದರು. ಅಮ್ಮ ಒಬ್ಬಳೇ ಹೋಗುವುದು ಬೇಡ ಅಂತ ಗೊಣಗುತ್ತಲೇ ಪೊನಿರಾಳ ಮಗಳೂ ಬಸ್ಸು ಹತ್ತಿದಳು. ಎಂಬತ್ತೈದನೇ ದಿನ ಕೋರ್ಟಿನ ಗುಮಾಸ್ತ ಅರ್ಜಿಗೆ ಮೊಹರು ಒತ್ತಿದ.

ತೀರ್ಪು ಇನ್ನೂ ಬಂದಿಲ್ಲ. ರುವಾ ತಿಂಗಳ ಕೊನೆಯ ಗುರುವಾರ ಪೊನಿರಾ ಹೂವಿನ ಬುಟ್ಟಿ ಹಿಡಿದು ತಗಡಿನ ಬಳಿ ನಿಂತಳು. ಒಳಗೆ ಹೋಗಿ ಅವನ ಪಕ್ಕ ಒಂದು ಗಳಿಗೆ ಕೂತರೆ ಸಾಕಿತ್ತು ಅನ್ನಿಸಿತು.

"ರೀ, ಈ ಸಲ ಇಲ್ಲಿಂದಲೇ," ಎಂದು ಬೇಲಿಯ ಮೇಲಿಂದ ಹೂವು ತೂರಿದಳು. "ಬೇಡ ಅಂತ ಬರೆದು ಕೊಟ್ಟು ಬಂದಿದೀನಿ."

ಓದುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ಕಾಗದ ಬಂದಿದೆಯೇ? ಒಲೆಗೆ ಹಾಕಬೇಡಿ, ತಿರುಗಿಸಬೇಡಿ. ತಾರೀಕು ನೋಡಿ, ಓದಬಲ್ಲವರಿಂದ ಓದಿಸಿ, ಕಾನೂನು ನೆರವಿನವರನ್ನು ಇವತ್ತೇ ಕೇಳಿ. ಕೋರ್ಟಿನ ಮೇಲೆ ನಂಬಿಕೆ ಅಲ್ಲಾಡಿದ್ದರೂ ಸರಿ, ಹೋಗಿ. ನೀವು ಬೇಡ ಅಂದಿದ್ದು ಅಲ್ಲಿ ಬರೆದಿರಲಿ.