ಹಿಂದೆ ಉಳಿದ ಕಾರು

ಅಕ್ಕ ಬರುತ್ತೇನೆ ಎಂದಾಗಿನಿಂದ ಅವನು ಟೀವಿಗೆ ಜೋಡಿಸುವ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಒರೆಸಿ ಸಿದ್ಧವಾಗಿಟ್ಟಿದ್ದ. ಚಿಕ್ಕವರಿದ್ದಾಗ ಇಬ್ಬರೂ ಕಚ್ಚಾಡಿಕೊಂಡು ಆಡುತ್ತಿದ್ದ ಆಟ: ಪರದೆಯಲ್ಲಿ ಕಾಣುವ ಊಟದ ಮೇಜಿನ ಮೇಲೆ, ತಟ್ಟೆ ಚಮಚಗಳ ನಡುವೆ, ಬೆರಳುದ್ದದ ಆಟಿಕೆ ಕಾರುಗಳ ಓಟ. ಇಬ್ಬರಿಗೂ ಸೇರಿ ಒಂದೇ ಚಿತ್ರ. ಮುಂದಿರುವ ಕಾರಿನ ಜೊತೆ ಅದು ಸರಿಯುತ್ತದೆ. ಹಿಂದೆ ಬಿದ್ದ ಕಾರು ಪರದೆಯ ಅಂಚು ದಾಟಿತೋ, ಆಟ ಮುಗಿಯಿತು, ಮುಂದಿದ್ದವರಿಗೆ ಒಂದು ಅಂಕ.

ಅಕ್ಕ ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್. ಎರಡು ವರ್ಷದ ಮೇಲೆ ಬಂದಿದ್ದಳು. ಅಂದೇ ಸಂಜೆ ಐದರ ಬಸ್ಸಿಗೆ ಹೊರಡುವವಳು. ಆಟದ ಗುಂಗಿನಲ್ಲಿ ಬಸ್ಸು ತಪ್ಪಲಿ, ಒಂದು ದಿನ ಉಳಿಯಲಿ ಎಂಬುದು ಅವನ ಹಂಚಿಕೆ. ಮನೆಯಲ್ಲಿ ಅವನೊಬ್ಬನೇ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಬಂದ ಮೇಲೆ ವರ್ಷಗಟ್ಟಲೆ ಆಟವೇ ಓಡಿಸುವ ಕಂಪ್ಯೂಟರಿನ ಕಾರಿನ ಜೊತೆ ಆಡಿದ್ದ. ಈ ತಿಂಗಳಂತೂ ಅಕ್ಕನ ಮುಂದೆ ಮಾನ ಹೋಗಬಾರದೆಂದು ಇನ್ನಷ್ಟು ಪಳಗಿದ್ದ.

ಅದೇ ಎಡವಟ್ಟಾಯಿತು. ಮೊದಲ ಆಟ ಹನ್ನೊಂದು ಸೆಕೆಂಡಿಗೆ ಮುಗಿಯಿತು. ಎರಡನೆಯದು ಒಂಬತ್ತಕ್ಕೆ.

"ಏನೋ ಇದು ಕತ್ತೆ! ನನ್ನ ಕಾರು ಯಾವ್ದು ಅಂತ ಗೊತ್ತಾಗೋದ್ರೊಳಗೆ ಮಾಯ ಮಾಡ್ತೀಯಲ್ಲೋ!"

"ನಿಂದು ಕೆಂಪು, ಅಕ್ಕ."

"ನೀನು ಹೇಳ್ಬೇಕು ಅಷ್ಟೆ, ನಾನಂತೂ ನೋಡಿಲ್ಲ."

ಮೂರನೆಯ ಆಟದಲ್ಲಿ ಅವನು ಚಮಚದ ಪಕ್ಕ ಕಾರು ನಿಲ್ಲಿಸಿದ. ಕೆಂಪು ಕಾರು ಬಂದು ಅದರ ಹಿಂದೆಯೇ ನಿಂತಿತು.

"ಮುಂದೆ ಹೋಗು, ಅಕ್ಕ."

"ಅಯ್ಯೋ, ಮಕ್ಕಳಿಗೆ ಇಂಜೆಕ್ಷನ್ ಕೊಡೋವಾಗ 'ನೋವಾಗಲ್ಲ' ಅಂತ ನಾನೂ ಹೀಗೇ ಮುಖ ಮಾಡ್ತೀನಿ ಕಣೋ."

ನಗುತ್ತಾ ಅವನ ಕೈಯಲ್ಲಿದ್ದ ಕಂಟ್ರೋಲರ್ ಕಡೆ ನೋಡಿದಳು. ಮೇಲಿನ ಅಕ್ಷರ ಸವೆದು ಗುಂಡಿಗಳು ನುಣ್ಣಗಾಗಿದ್ದವು. ತನ್ನ ಕೈಯಲ್ಲಿದ್ದುದು ಹೊಸದರಂತಿತ್ತು. ಅವಳ ನಗು ಅಲ್ಲಿಗೇ ನಿಂತಿತು.

"ದಿನಾ ಒಬ್ನೇ ಆಡ್ತೀಯಾ?"

"ಹೊತ್ತು ಹೋಗ್ಬೇಕಲ್ಲ." ಕಂಟ್ರೋಲರ್ ಕೆಳಗಿಟ್ಟು ಕೇಳಿದ: "ಇವತ್ತೊಂದಿನ ಉಳ್ಕೋ."

"ಬೆಳಗಿನ ಪಾಳಿ ನಂದೇ ಕಣೋ. ಬದಲಿಗೆ ಯಾರೂ ಸಿಗಲ್ಲ." ಅವನ ತಲೆ ಸವರಿ ಚೀಲ ಎತ್ತಿಕೊಂಡಳು. "ಮುಂದಿನ ಸಲ ಒಂದು ಸುತ್ತಾದ್ರೂ ಜೊತೆಗೆ ಓಡ್ಸು ಮಾರಾಯ."

ಅವಳನ್ನು ಬಸ್ಸು ಹತ್ತಿಸಿ ಬಂದಾಗ ಪರದೆಯ ಮೇಲೆ ಆಟ ಹಾಗೇ ಕಾಯುತ್ತಿತ್ತು. ಅವನು ಕಂಪ್ಯೂಟರಿನ ಕಾರುಗಳಲ್ಲಿ ತೀರಾ ನಿಧಾನದ್ದನ್ನು ಆರಿಸಿಕೊಂಡ. ಈಗ ಗೆಲ್ಲುವುದಲ್ಲ, ಹಿಂದಿನ ಕಾರು ಅಂಚಿನಾಚೆ ಬೀಳದಂತೆ ಓಡಿಸುವುದನ್ನು ಕಲಿಯಬೇಕಿತ್ತು. ಅದು ಗೆಲ್ಲುವುದಕ್ಕಿಂತ ಕಷ್ಟ. ಪ್ರತಿ ತಿರುವಿನಲ್ಲೂ ಹೆಬ್ಬೆರಳು ಮಾತು ಕೇಳದೆ ಮುನ್ನುಗ್ಗುತ್ತಿತ್ತು.

ಏಳನೆಯ ಸಲ ಒಂದು ಸುತ್ತು ಪೂರ್ತಿಯಾಗುವುದರಲ್ಲಿತ್ತು. ಕೊನೆಯ ತಿರುವಿನಲ್ಲಿ ಹಿಂದಿನ ಕಾರು ಪರದೆಯ ಅಂಚಿನಾಚೆ ಜಾರಿಹೋಯಿತು. ಅವನಿಗೆ ಇನ್ನೊಂದು ಅಂಕ ಸೇರಿತು.

ಮತ್ತೆ ಶುರು ಮಾಡಿದ.