ಡಬ್ಬಿಯೊಳಗಿನ ನೀರು

ಒಂದೂರಿನಲ್ಲಿ ಸುಳ್ಳು ಹೇಳಲು ಬಾರದ ಬಾವಿಯೊಂದಿತ್ತಂತೆ. ನಾಯಿ ಕಚ್ಚಿದವರು ಬಗ್ಗಿ ನೋಡಿದರೆ ತಮ್ಮದೇ ಮುಖ ಕಾಣಬೇಕು. ನಾಯಿಯ ಮುಖ ಕಂಡರೆ ವಿಷ ಏರಿತೆಂದೇ ಲೆಕ್ಕ. ಸೀತೂರಿನ ಪ್ರೇಮಕ್ಕ ಇದನ್ನು ಬರೀ ಕಥೆಯಾಗಿ ಹೇಳಿ ಬಿಟ್ಟಿರಲಿಲ್ಲ. ಮೊಮ್ಮಗಳು ಮೇಘನಳ ಕಾಲಿಗೆ ಬೀದಿನಾಯಿ ಬಾಯಿ ಹಾಕಿದ ದಿನ, ಹಿರಿಯರು ಮಾಡುತ್ತಿದ್ದಂತೆ ಅವಳನ್ನು ಎತ್ತಿಕೊಂಡು ಕೇರಿಯ ಬಾವಿಗಳೊಳಗೆಲ್ಲ ಇಣುಕಿಸಿದ್ದರು. "ಎಂತ ಕಂಡ್ತೇ?" ಎಂದು ಕೇಳಿದಾಗಲೆಲ್ಲ ಮಗು "ನಾನೇ" ಎಂದಿತ್ತು. ಆಮೇಲೆ ಆಸ್ಪತ್ರೆಗೂ ಕರೆತಂದರು. ಸೂಜಿ ಅಷ್ಟನ್ನೂ ಹಾಕಿಸುತ್ತೇನೆಂದು ಮಗಳಿಗೆ, ಮೇಘನಳ ಅಮ್ಮನಿಗೆ, ಮಾತು ಕೊಟ್ಟಿದ್ದರು.

ಇವತ್ತು ಕೊನೆಯದು. ಎನ್.ಆರ್.ಪುರದ ಆಸ್ಪತ್ರೆಯಲ್ಲಿ ಮೇಘನ ಬೆಂಚಿನಡಿ ಸೇರಿಕೊಂಡಿದ್ದಳು. ಎಳೆಯಲು ಹೋದ ಆಯಾಳ ಕೈ ಕಚ್ಚಿದ್ದಳು.

"ನಂಗೂ ಒಂದು ಸೂಜಿ ಹಾಕಿಬಿಡಿ ಸಿಸ್ಟರೇ," ಎಂದು ನಗುತ್ತಾ ಆಯಾ ಹೊರಗೆ ಹೋದಳು. ಪ್ರೇಮಕ್ಕ ನಗಲಿಲ್ಲ.

"ಹಿಂದೆಲ್ಲ ಹೊಟ್ಟೆಗೇ ಚುಚ್ತಿದ್ವಿ. ಈಗ ತೋಳಿಗೆ, ಇರುವೆ ಕಚ್ಚಿದಂಗೆ ಅಷ್ಟೆ. ಬಾ ಮಾರಾಯ್ತಿ," ಎನ್ನುತ್ತ ನರ್ಸ್ ಜಲಜಮ್ಮ ಕಪಾಟಿನಿಂದ ಕೆಂಪು ಪ್ಲಾಸ್ಟಿಕ್ ಡಬ್ಬಿ ತೆಗೆದರು. ಅದಕ್ಕೆ ಎರಡು ಕಣ್ಣಿಗೆ ಎರಡು ತೂತು. ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಚಿತ್ರದ ಬೆಟ್ಟ, ಕೆರೆ, ಮರ ಕೈಗೆ ಸಿಗುವಷ್ಟು ಹತ್ತಿರ ಬಂದು ನಿಲ್ಲುತ್ತವೆ. ಮಕ್ಕಳು ಅದರೊಳಗೆ ಹೋದ ಹೊತ್ತು ನೋಡಿಯೇ ಜಲಜಮ್ಮ ಚುಚ್ಚುವುದು.

ಮೇಘನ ಡಬ್ಬಿ ಕಂಡದ್ದೇ ಕಣ್ಣು ಮುಚ್ಚಿಕೊಂಡಳು. "ಬೇಡ. ಅದ್ರೊಳಗೆ ನಾಯಿ ಇರತ್ತೆ."

"ಯಾವ ನಾಯಿ?"

"ಕಡೇ ಬಾವೀಲಿ ಇತ್ತು. ಅಜ್ಜಿ ಅಳ್ತದೆ ಅಂತ ಸುಳ್ಳು ಹೇಳ್ದೆ. ಹೆಂಗೂ ಸಾಯ್ತೀನಲ್ಲ, ಸೂಜಿ ಯಾಕೆ?"

"ಮಗೀಗೆ ಎಂತ ತುಂಬಿಟ್ಟಿದೀರಿ ಪ್ರೇಮಕ್ಕಾ!" ಜಲಜಮ್ಮ ಗದರಿದರು.

ಪ್ರೇಮಕ್ಕ ನೆಲದ ಮೇಲೆ ಕೂತರು. ಹಾಗೇ ತೆವಳಿ ಬೆಂಚಿನ ಬಳಿ ಹೋದರು. ಡಬ್ಬಿ ಇಸಿದುಕೊಂಡು ಮೊದಲು ತಾವೇ ಇಣುಕಿದರು. ಪೊರೆ ಬಂದ ಕಣ್ಣಿಗೆ ನೀಲಿಯೊಂದು ಬಿಟ್ಟು ಏನೂ ಕಾಣಲಿಲ್ಲ.

"ನಂಗೆ ಬರೀ ನೀರು ಕಣೇ ಕೂಸೆ. ನೀನು ನೋಡಿ ಹೇಳು. ನಾಯಿ ಇದ್ರೆ ಇರ್ಲಿ, ನಾನು ಹಿಡ್ಕಂಡಿರ್ತೀನಿ."

ಬಹಳ ಹೊತ್ತಿನ ಮೇಲೆ ಮೇಘನ ಹೊರಬಂದು ಅಜ್ಜಿಯ ತೊಡೆಯೇರಿದಳು. ಡಬ್ಬಿಗೆ ಕಣ್ಣಿಟ್ಟಳು. ಜಲಜಮ್ಮ ಸದ್ದಿಲ್ಲದೆ ಅವಳ ತೋಳು ಒರೆಸಿದರು.

"ಇದೆ," ಎಂದಳು ಮೇಘನ.

ಪ್ರೇಮಕ್ಕ ಅವಳನ್ನು ಬಿಗಿಯಾಗಿ ಹಿಡಿದುಕೊಂಡರು. "ನಮ್ಮ ಕಡೆ ನೋಡ್ತಿದೆಯಾ?"

ಸೂಜಿ ಒಳಗಿಳಿಯಿತು. ಮಗು ಅಲುಗಲಿಲ್ಲ.

"ಇಲ್ಲ. ಕೆರೆ ದಂಡೇಲಿ ನಿಂತಿದೆ. ನೀರು ಕುಡೀತಿದೆ."

"ಹುಚ್ಚು ನಾಯಿ ನೀರು ಮುಟ್ಟಲ್ಲ," ತಲೆಯೆತ್ತದೆ ಮೆಲ್ಲಗೆ ಅಂದರು ಜಲಜಮ್ಮ. ಸೂಜಿ ತೆಗೆದು ಹತ್ತಿ ಒತ್ತಿದರು. "ಆಯ್ತು. ಎಲ್ಲಾ ಮುಗೀತು."

ಪ್ರೇಮಕ್ಕ ಏಳಲು ಹೊರಟರು. ಮೇಘನ ಡಬ್ಬಿಯಿಂದ ಕಣ್ಣು ತೆಗೆಯದೆ ಅವರ ಸೆರಗು ಹಿಡಿದಳು.

"ಶ್... ಇನ್ನೂ ಕುಡೀತಿದೆ ಅಜ್ಜೀ."